ಮಡಿಲಿಗೆ ಸುರಿದ ಮಾತ್ರೆಗಳು

"ಊದೇ, ಊದು! ತಂಗಿ ಮೇಲೆ ಕಿರುಚೋವಾಗ ಬರೋ ಉಸಿರು ಇಲ್ಲಿ ಎಲ್ಲಿ ಸತ್ತೋಯ್ತು? ಊದೇ ಮುಂಡೇದೇ!"

ಮೇಸ್ತ್ರಿ ಹೀಗೆ ಬೈಯುವಾಗ ಜರಡಿಯಕ್ಕನ ಬಾಯಲ್ಲಿ ಬಿಳಿ ಕೊಳವೆ ಇತ್ತು. ಬಾಯಿ ಖಾಲಿ ಇದ್ದಿದ್ದರೆ ಅವಳೂ ಒಂದೆರಡು ತಿರುಗಿ ಕೊಡುತ್ತಿದ್ದಳು. ಈಗ ಕಣ್ಣು ಬಿಟ್ಟುಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಎದೆಯ ತಳದಲ್ಲಿ ಉಳಿದದ್ದನ್ನೆಲ್ಲ ಕೆರೆದು ತೆಗೆದು ಊದಿದಳು. ಮೇಜಿನ ಮೇಲಿನ ಉಸಿರಳೆಯುವ ಯಂತ್ರದ ಗಾಜಿನಲ್ಲಿ ಒಂದು ಗೆರೆ ಎದ್ದು, ಅರ್ಧಕ್ಕೇ ಸುಸ್ತಾಗಿ ಮಲಗಿತು.

"ಇನ್ನೊಂದ್ಸಲ," ಎಂದರು ಡಾಕ್ಟರು. ಚಿಕ್ಕ ವಯಸ್ಸಿನವರು, ಬಾಯಿಗೆ ದಪ್ಪ ಮುಸುಕು ಕಟ್ಟಿಕೊಂಡಿದ್ದರು. ಕಿಟಕಿ ಮುಚ್ಚಿದ್ದರೂ ಗೋಡೆಯಾಚೆ ಗಿರಣಿ ಓಡುವ ಸದ್ದಿಗೆ ಮೇಜಿನ ಮೇಲಿನ ಪೆನ್ನು ಕುಣಿಯುತ್ತಿತ್ತು.

ಮೂರನೆಯ ಸಲ ಊದಿ ಜರಡಿಯಕ್ಕ ಗೋಡೆಗೆ ಒರಗಿ ಕೂತಳು. ಅವಳ ಹಿಂದೆ ಪುಟ್ಟಿಯ ಸರದಿ. ಪುಟ್ಟಿ ಎಂದರೆ ಅವಳ ಒಡಹುಟ್ಟಿದ ತಂಗಿ; ಮೂವತ್ತು ದಾಟಿದರೂ ಪುಟ್ಟಿಯಾಗಿಯೇ ಉಳಿದವಳು. ಅವಳು ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಡಾಕ್ಟ್ರೇ, ಇದ್ರಲ್ಲಿ ಊದಿದ್ರೆ ಒಲೆ ಹತ್ಕೊಳುತ್ತಾ? ಹತ್ಕೊಂಡ್ರೆ ಹೇಳಿ, ಹಂಗೇ ಒಂದು ಚಹಾ ಕಾಸ್ಕೊಂಡು ಹೋಗ್ತೀನಿ," ಎಂದಳು. ಕಾದು ಕೂತಿದ್ದ ಹೆಂಗಸರೆಲ್ಲ ನಕ್ಕರು, ನಕ್ಕವರೆಲ್ಲ ಕೆಮ್ಮಿದರು. ಆಮೇಲೆ ಪುಟ್ಟಿ ಊದಿದಳು. ಗಾಜಿನ ಮೇಲೆ ಗೆರೆ ಏಳಲೇ ಇಲ್ಲ ಎನ್ನಬೇಕು, ನೆಲದ ಮೇಲೆ ಹುಳ ತೆವಳಿದ ಹಾಗೆ ಒಂದಿಷ್ಟು ತೆವಳಿ ನಿಂತಿತು. ಡಾಕ್ಟರು ಅದನ್ನು ನೋಡಿ ಏನೋ ಬರೆದುಕೊಂಡರು. ಜರಡಿಯಕ್ಕ ಡಾಕ್ಟರ ಮುಖವನ್ನೇ ನೋಡುತ್ತಿದ್ದಳು.

ಅದು ಬಿಳಿಕಲ್ಲನ್ನು ಹಿಟ್ಟು ಮಾಡುವ ಗಿರಣಿ. ಗಂಡಸರು ಒಂದು ಕಡೆ ಕಲ್ಲು ಸುರಿಯುತ್ತಾರೆ, ಹೆಂಗಸರು ಇನ್ನೊಂದು ಕಡೆ ಹಿಟ್ಟನ್ನು ಜರಡಿ ಹಿಡಿದು ಚೀಲ ತುಂಬುತ್ತಾರೆ. ಆ ಹಿಟ್ಟಿನಿಂದ ಗಾಜು ಮಾಡುತ್ತಾರಂತೆ, ಬಣ್ಣಕ್ಕೆ ಬೆರೆಸುತ್ತಾರಂತೆ, ಪಾತ್ರೆ ಬೆಳಗುವ ಪುಡಿಗೂ ಹಾಕುತ್ತಾರಂತೆ. ಚೀಲಕ್ಕೆ ಸಿಗದೆ ಹಾರಿದ್ದು ಇವರ ಎದೆಗೆ ಇಳಿಯುತ್ತದೆ. ಇಳಿದದ್ದು ಮತ್ತೆ ಮೇಲೆ ಬರುವುದಿಲ್ಲ. ಗಂಡಸರು ಬೇಗ ಸಾಯುತ್ತಾರೆ, ಹೆಂಗಸರು ನಿಧಾನವಾಗಿ. ಗಿರಣಿಯ ಸಾವ್ಕಾರ ಮಾತ್ರ ದೇವರಂಥ ಮನುಷ್ಯ: ಕಣ್ಣಿಗೆ ಕಾಣುವುದಿಲ್ಲ, ಕೂಗಿದರೆ ಕೇಳಿಸಿಕೊಳ್ಳುವುದಿಲ್ಲ.

ಡಾಕ್ಟರು ಮೊದಲ ಸಲ ಬಂದ ದಿನ ಹೆಂಗಸರನ್ನೆಲ್ಲ ಜರಡಿ ಚಪ್ಪರದ ಕೆಳಗೇ ನಿಲ್ಲಿಸಿದ್ದರು. ಕೈಯಲ್ಲೊಂದು ಕಾಗದದ ಕಟ್ಟು ಹಿಡಿದು ಓದಿದರು. ಪಾಪ, ಗಂಟಲು ಹರಿಯುವಂತೆಯೇ ಓದಿದರು. ಬೆವರು ಒರೆಸಿಕೊಂಡು ಓದಿದರು, ಹಾಳೆ ತಿರುಗಿಸಿ ತಿರುಗಿಸಿ ಓದಿದರು. ಅವರ ತುಟಿ ಅಲ್ಲಾಡುವುದು ಎಲ್ಲರಿಗೂ ಚೆನ್ನಾಗಿ ಕಾಣುತ್ತಿತ್ತು. ಗಿರಣಿ ಓಡುತ್ತಿತ್ತು. ಒಂದು ಗಳಿಗೆ ನಿಲ್ಲಿಸಿ ಎಂದು ಡಾಕ್ಟರು ಕೈಸನ್ನೆ ಮಾಡಿದ್ದಕ್ಕೆ ಮೇಸ್ತ್ರಿ ಎರಡೂ ಕೈ ಜೋಡಿಸಿ, ಸಾವ್ಕಾರರ ಆಫೀಸಿನ ಕಡೆ ತೋರಿಸಿ, ಆಗೋದಿಲ್ಲ ಎಂದು ತಲೆಯಾಡಿಸಿಬಿಟ್ಟಿದ್ದ. ಓದಿ ಮುಗಿದ ಮೇಲೆ ಡಾಕ್ಟರು 'ಗೊತ್ತಾಯ್ತಾ?' ಎನ್ನುವ ಹಾಗೆ ಹುಬ್ಬು ಎತ್ತಿದರು. ಮೇಸ್ತ್ರಿ ಅವರ ಹಿಂದೆ ನಿಂತು ತಾನು ಹೌದೆಂದು ತಲೆಯಾಡಿಸಿ ತೋರಿಸಿದ. ಹೆಂಗಸರೂ ತಲೆಯಾಡಿಸಿದರು.

"ಏನಂತೆ ಕಣೋ?" ಎಂದು ಆಮೇಲೆ ದೊಡ್ಡವ್ವ ಕೇಳಿದ್ದಳು. ಅವಳು ಎಲ್ಲರಿಗಿಂತ ಹಿರಿಯಳು. ಮೇಸ್ತ್ರಿಯನ್ನು ಚಡ್ಡಿ ಹಾಕದ ಕಾಲದಿಂದ ಕಂಡವಳು.

"ಏನೂ ಇಲ್ಲ. ದಮ್ಮಿಗೆ ಹೊಸ ಮಾತ್ರೆ ಬಂದದಂತೆ. ಸಾವ್ಕಾರ್ರು ನಿಮ್ಗೆಲ್ಲಾ ಪುಕ್ಕಟೆ ಕೊಡಿಸ್ತಾವ್ರೆ. ಬೆರಳೊತ್ತಿ, ನುಂಗಿ, ಆಗಾಗ ಬಂದು ಊದಿ. ಬೇಡ ಅನ್ನೋರು ನಾಳೆಯಿಂದ ಕೆಲಸಕ್ಕೂ ಬರೋದು ಬೇಡ."

ಕೆಲಸಕ್ಕೆ ಬರುವುದು ಎಲ್ಲರಿಗೂ ಬೇಕಿತ್ತು. ಬೆರಳೊತ್ತಿದರು. ಪ್ರತಿಯೊಬ್ಬರಿಗೂ ಬಿಳಿ ಬಾಟಲಿ ಬಂತು, ಬಾಟಲಿಗೊಂದು ನಂಬರು. ಎಲ್ಲರ ಮಾತ್ರೆಯೂ ಒಂದೇ ಬಣ್ಣ, ಒಂದೇ ಅಳತೆ.

ಕೆಲವು ವಾರ ಕಳೆದ ಮೇಲೆ ಜರಡಿಯಕ್ಕನಿಗೆ ಒಂದು ಬೆಳಿಗ್ಗೆ ವಿಚಿತ್ರವೆನಿಸಿತು. ನಲ್ಲಿಯಿಂದ ಕೊಡ ಹೊತ್ತು ಮನೆಯ ಮೆಟ್ಟಿಲು ಹತ್ತಿ ಒಳಗೆ ಬಂದು ಕೊಡ ಇಳಿಸಿದ ಮೇಲೆ ಅವಳಿಗೆ ಹೊಳೆಯಿತು, ತಾನು ನಡುವೆ ಎಲ್ಲೂ ನಿಂತಿರಲಿಲ್ಲ. ಬಾಯಿ ಮಾತ್ರ ಬೇವು ಅಗಿದಷ್ಟು ಕಹಿ, ಉಚ್ಚೆ ಹಳದಿ. ಆದರೆ ಎದೆಯ ಮೇಲೆ ಕೂತವರು ಯಾರೋ ಎದ್ದು ಹೋದ ಹಾಗಿತ್ತು. ಖುಷಿಗೆ ತಂಗಿಯನ್ನು ಕೂಗಿದಳು. ಪುಟ್ಟಿ ಗೋಡೆ ಹಿಡಿದು ಬಾಗಿಲವರೆಗೆ ಬಂದು, ಅಲ್ಲೇ ಕುಸಿದು ಕೂತು, "ಏನೇ ಅಕ್ಕ, ಲಾಟರಿ ಹೊಡೀತಾ?" ಎಂದಳು. ಅಷ್ಟು ಹೇಳುವುದಕ್ಕೆ ಮೂರು ಸಲ ಉಸಿರೆಳೆದುಕೊಂಡಳು.

ಅವ್ವ ಸತ್ತಾಗ ಪುಟ್ಟಿ ಇನ್ನೂ ಸೊಂಟದ ಮೇಲಿನ ಕೂಸು. ಜರಡಿಯಕ್ಕ ಅವಳನ್ನು ಎತ್ತಿಕೊಂಡೇ ಬೆಳೆದವಳು. ಗಿರಣಿಗೆ ಸೇರಿಸಿದವಳೂ ಅವಳೇ. ತನ್ನ ಎದೆ ಹಗುರಾದದ್ದು ಅವತ್ತು ಅವಳಿಗೆ ನಾಚಿಕೆಯೆನಿಸಿತು, ಮುಚ್ಚಿಟ್ಟುಕೊಂಡು ತಿಂದವಳಿಗೆ ಆಗುವಂಥ ನಾಚಿಕೆ.

ಚಪ್ಪರದ ಕೆಳಗೆ ಮಾತು ಶುರುವಾಯಿತು. ಕಿವಿಯ ಹತ್ತಿರ ಬಾಯಿಟ್ಟು ಒಬ್ಬರಿಂದೊಬ್ಬರಿಗೆ ಹೋಯಿತು. ನಿನಗೆ ಹೇಗಿದೆ? ನನಗೆ ಪರವಾಗಿಲ್ಲ. ನಿನಗೆ? ನನಗೆ ಏನೂ ಇಲ್ಲ, ಬಾಯಿ ಕಹಿಯೂ ಇಲ್ಲ. ಹೀಗೆ ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ ಆದರು. ದೊಡ್ಡವ್ವನಿಗೆ ಹಲ್ಲಿಲ್ಲ, ಇಡೀ ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲ. ಅವಳು ಒರಳಲ್ಲಿ ಕುಟ್ಟಿ ತಿನ್ನುತ್ತಿದ್ದಳು. "ನಂದು ಸಪ್ಪಗೆ, ಹಿಟ್ಟಿನ ಹಂಗಿರ್ತದೆ ಕಣ್ರೇ," ಎಂದಳು.

"ಇದು ಮೇಸ್ತ್ರಿ ಕೆಲಸ," ಎಂದಳು ಜರಡಿಯಕ್ಕ. "ಬೇಕಾದೋರಿಗೆ ಅಸಲಿ, ಬೇಡ್ದೋರಿಗೆ ಹಿಟ್ಟು. ಸೋಪಿನ ಕತೇನೇ ಮತ್ತೆ."

ಸೋಪಿನ ಕತೆ ಅಲ್ಲಿ ಎಲ್ಲರಿಗೂ ಗೊತ್ತು. ಒಂದು ವರ್ಷ ಸಾವ್ಕಾರರು ಕೈ ತೊಳೆಯಲೆಂದು ಕಳಿಸಿದ ಸೋಪುಗಳನ್ನು ಮೇಸ್ತ್ರಿ ತನ್ನನ್ನು ನಕ್ಕು ಮಾತಾಡಿಸುವ ಹೆಂಗಸರಿಗೆ ಮಾತ್ರ ಹಂಚಿದ್ದ. ಜುಟ್ಟು ಜುಟ್ಟು ಹಿಡಿದು ಜಗಳವಾಯಿತು. ದೊಡ್ಡವ್ವ ನಡುವೆ ನುಗ್ಗಿ, ಸಿಕ್ಕವರ ಕೆನ್ನೆಗೆಲ್ಲ ಬಾರಿಸಿ, ಸೋಪುಗಳನ್ನು ಕಿತ್ತು ತನ್ನ ಮಡಿಲಿಗೆ ಹಾಕಿಕೊಂಡು ಕೂತಳು. ಆಮೇಲೆ ನೂಲಿನಿಂದ ಕೊಯ್ದು ಕೊಯ್ದು ಎಲ್ಲರಿಗೂ ಒಂದೊಂದು ತುಂಡು ಕೊಟ್ಟಳು. ಅವತ್ತಿನಿಂದ ಅದೇ ಕಟ್ಟಳೆ. ಗೇಟಿನೊಳಗೆ ಏನೇ ಬರಲಿ, ಹಳೇ ಬಟ್ಟೆಯೋ, ಮೂಗಿಗೆ ಕಟ್ಟುವ ಅರಿವೆಯೋ, ಲಾರಿಯವನು ಎಸೆದು ಹೋದ ಹಣ್ಣೋ, ಮೊದಲು ದೊಡ್ಡವ್ವನ ಮಡಿಲಿಗೆ ಬೀಳಬೇಕು. ಮೇಸ್ತ್ರಿ ಒಡೆದದ್ದನ್ನು ಮಡಿಲು ಕೂಡಿಸುತ್ತಿತ್ತು.

"ತಗೊಂಡ್ಬನ್ರೇ ಎಲ್ಲಾರೂ," ಎಂದಳು ದೊಡ್ಡವ್ವ.

ಮರುದಿನ ಊಟದ ಹೊತ್ತಿನಲ್ಲಿ ಬಾಟಲಿಗಳೆಲ್ಲ ಬಂದವು. ಜರಡಿಯಕ್ಕನೇ ಮೊದಲು ತನ್ನದರ ಮುಚ್ಚಳ ತಿರುಗಿಸಿ ಸುರಿದಳು. ಒಬ್ಬಳು ಮಾತ್ರ, ಗುಣ ಕಂಡವಳು, ಬಾಟಲಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅವಳು ಪುಟ್ಟಿಯ ಕಡೆ ನೋಡಿದಳು, "ಹಾಳಾಗ್ಲಿ ತಗೊಳ್ಳಿ" ಎಂದು ಅತ್ತುಕೊಂಡೇ ಸುರಿದಳು. ದೊಡ್ಡವ್ವ ಅಕ್ಕಿ ತೊಳೆಯುವವಳ ಹಾಗೆ ಮಾತ್ರೆಗಳನ್ನು ಎರಡೂ ಕೈಯಿಂದ ಕಲಸಿ, ಎಲ್ಲರ ಬಾಟಲಿಗೂ ಸಮನಾಗಿ ತುಂಬಿದಳು. ನಂಬರು ಬಾಟಲಿಯ ಮೇಲೆ ಇದ್ದ ಹಾಗೇ ಇತ್ತು.

ಆಮೇಲೆ ಒಂದಷ್ಟು ಒಳ್ಳೆಯ ದಿನಗಳು ಬಂದವು. ಎಲ್ಲರ ಬಾಯಿಯೂ ಸ್ವಲ್ಪ ಸ್ವಲ್ಪ ಕಹಿಯಾಯಿತು. ಜರಡಿಯಕ್ಕ ಮೆಟ್ಟಿಲ ನಡುವೆ ಮತ್ತೆ ಒಮ್ಮೆ ನಿಲ್ಲಬೇಕಾಗುತ್ತಿತ್ತು, ಆದರೆ ನಿಂತಾಗ ಹಿಂದಿನಿಂದ ಪುಟ್ಟಿಯೂ ಹತ್ತಿ ಬರುವುದು ಕಾಣುತ್ತಿತ್ತು. ಒಂದು ಸಂಜೆ ಪುಟ್ಟಿ ಮೇಸ್ತ್ರಿ ನಡೆಯುವುದನ್ನು ಅಣಕಿಸಿ ತೋರಿಸಿ, ಇಡೀ ಸಾಲುಮನೆಯನ್ನು ನಗಿಸಿದಳು. ಪೂರ್ತಿ ಅಣಕಿಸಿದಳು, ಕೊನೆಯ ಬೈಗುಳದವರೆಗೂ, ನಡುವೆ ಎಲ್ಲೂ ಕೂರಲಿಲ್ಲ. ಜರಡಿಯಕ್ಕನಿಗೆ ಅಷ್ಟು ಸಾಕಾಗಿತ್ತು.

ಈ ನಡುವೆ ಎಲ್ಲರ ತೋಳಿನಿಂದ ರಕ್ತ ತೆಗೆದುಕೊಂಡು ಹೋಗಿದ್ದರು. ಡಾಕ್ಟರು ಮತ್ತೆ ಬಂದಾಗ ಮುಖ ಸುಣ್ಣವಾಗಿತ್ತು. ಆಫೀಸು ಕೋಣೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಬಾಗಿಲು ಹಾಕಿಸಿದರು.

"ಎಲ್ಲರ ರಕ್ತದಲ್ಲೂ ಔಷಧಿ ಇದೆಯಂತೆ! ಅದು ಹೇಗಾಗುತ್ತೆ? ಏನ್ ಮಾಡಿದ್ರಿ ನೀವು?"

"ಇದ್ರೆ ಒಳ್ಳೇದಲ್ವಾ ಡಾಕ್ಟ್ರೇ?" ಎಂದಳು ಪುಟ್ಟಿ.

ದೊಡ್ಡವ್ವ ಮುಚ್ಚುಮರೆಯಿಲ್ಲದೆ ಹೇಳಿದಳು. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ಡಾಕ್ಟರು ಕುರ್ಚಿಯಲ್ಲಿ ಕುಸಿದು ತಲೆ ಹಿಡಿದುಕೊಂಡರು. ಮೇಸ್ತ್ರಿ ಹಲ್ಲು ಕಡಿದ: "ಕಳ್ಳ ಲೌಡಿಯರಾ! ಪುಕ್ಕಟೆ ಸಿಕ್ಕಿದ್ದನ್ನೂ ನೆಟ್ಟಗೆ ತಿನ್ನೋ ಯೋಗ್ಯತೆ ಇಲ್ವಲ್ರೇ! ಸಾವ್ಕಾರ್ರ ಮಾನ ಕಳೆದ್ರಲ್ಲ!"

"ನೀನ್ ಸುಮ್ನಿರು," ಎಂದರು ಡಾಕ್ಟರು. ಆಮೇಲೆ, ಮಕ್ಕಳಿಗೆ ಹೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಮಾತ್ರೆ ಹೊಸದು. ಅದು ನಿಜವಾಗಿಯೂ ಕೆಲಸ ಮಾಡುತ್ತದೋ ಇಲ್ಲವೋ, ಕೇಡು ಮಾಡುತ್ತದೋ, ಯಾರಿಗೂ ಗೊತ್ತಿಲ್ಲ. ತಿಳಿಯಬೇಕಾದರೆ ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಔಷಧಿಯಿಲ್ಲದ ಬರೀ ಮಾತ್ರೆ ಕೊಟ್ಟು ಹೋಲಿಸಿ ನೋಡಬೇಕು. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ಯಂತ್ರ ಆರಿಸುತ್ತದೆ. ಮೇಸ್ತ್ರಿಗೂ ಗೊತ್ತಿರುವುದಿಲ್ಲ, ತಮಗೂ ಗೊತ್ತಿರುವುದಿಲ್ಲ. "ಬೇರೆ ದಾರಿ ಇಲ್ಲಮ್ಮ. ಹೀಗೆ ನೋಡದೆ ಕೊಟ್ಟ ಔಷಧಿಗಳಿಂದ ಎಷ್ಟೋ ಜನ ಸತ್ತಿದ್ದಾರೆ."

ಗೋಡೆಯಾಚೆ ಗಿರಣಿ ಗುಡುಗುತ್ತಲೇ ಇತ್ತು. ಆದರೂ ಮುಚ್ಚಿದ ಕೋಣೆಯಲ್ಲಿ, ಅವರು ಅವತ್ತು ಓದಿದ ಮಾತು ಮೊದಲ ಸಲ ಕಿವಿಗೆ ಬಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಂದ್ರೆ ಅರ್ಧ ಜನಕ್ಕೆ ಹಿಟ್ಟು ಕೊಡ್ತೀವಿ ಅಂತ ನಿಮಗೆ ಮೊದ್ಲೇ ಗೊತ್ತಿತ್ತು," ಎಂದಳು ಜರಡಿಯಕ್ಕ.

"ನಿಮಗೂ ಗೊತ್ತಿತ್ತು! ಮೊದಲನೇ ದಿನಾನೇ ಓದಿ ಹೇಳಿದೀನಿ. ಬೇಡ ಅನ್ಸಿದ್ರೆ ಯಾವಾಗ ಬೇಕಾದ್ರೂ ಬಿಡಬಹುದು ಅಂತಾನೂ ಓದಿದೀನಿ. ನೀವೆಲ್ಲ ತಲೆ ಆಡಿಸಿದ್ರಿ."

"ಗಿರಣಿ ಓಡ್ತಿತ್ತು ಡಾಕ್ಟ್ರೇ."

ಡಾಕ್ಟರಿಗೂ ಅದು ನೆನಪಿತ್ತು. ನೆನಪಾದದ್ದಕ್ಕೇ ಇರಬೇಕು, ಸಿಟ್ಟು ಇನ್ನೂ ಹೆಚ್ಚಾಯಿತು. "ಈಗ ನೋಡಿ. ನಿಮ್ಮ ತಂಗಿ ಬಾಟ್ಲಿಯಲ್ಲೇ ಅಸಲಿ ಔಷಧಿ ಇತ್ತೋ ಏನೋ! ಅವರ ಕಾಯಿಲೆ ಬಲಿತಿದೆ, ಗುಣ ಕಾಣೋಕೆ ತಡ ಆಗುತ್ತೆ. ಹಾಗಿದ್ರೆ ಅವರ ಪಾಲಿನ ಔಷಧೀನ ಕಿತ್ತು ಊರಿಗೆಲ್ಲ ಹಂಚಿದೋರು ನೀವೇ ಅಂತಾಗುತ್ತೆ."

ಜರಡಿಯಕ್ಕ ತಿರುಗಿ ಪುಟ್ಟಿಯ ಕಡೆ ನೋಡಿದಳು.

ಮಾತ್ರೆ ನಿಂತಿತು. ಈ ಗಿರಣಿಯನ್ನು ಪರೀಕ್ಷೆಯಿಂದ ಕೈಬಿಟ್ಟಿದ್ದಾರೆ ಎಂದು ಹೇಳಿ ಕಳಿಸಿದರು. ಮೇಸ್ತ್ರಿ ಸಾಲುಮನೆಗೆ ನುಗ್ಗಿ ಡಬ್ಬಿ, ದಿಂಬು, ಒಲೆಯ ಬೂದಿ ಎಲ್ಲ ಕೆದಕಿ ಒಂದೊಂದು ಮಾತ್ರೆಯನ್ನೂ ಆರಿಸಿಕೊಂಡು ಹೋದ. ದೊಡ್ಡವ್ವನ ಮಡಿಲನ್ನೂ ಕೊಡವಿಸಿದ. ಅವಳ ವಯಸ್ಸಿನ ಹೆಂಗಸನ್ನು ಹಾಗೆ ಎಲ್ಲರ ಮುಂದೆ ನಿಲ್ಲಿಸಿ ಬಟ್ಟೆ ಕೊಡವಿಸುವಾಗ ಹೆಂಗಸರು ಮುಖ ತಿರುಗಿಸಿಕೊಂಡರು. ದೊಡ್ಡವ್ವ ಅವನ ಮುಖಕ್ಕೆ ಕೆಮ್ಮಿದಳು, ಅಷ್ಟೇ.

ಪುಟ್ಟಿ ದಿನದಿನಕ್ಕೂ ಇಳಿದಳು. ಮೊದಲು ಮೆಟ್ಟಿಲು ಹೋಯಿತು, ಆಮೇಲೆ ಬಾಗಿಲು, ಆಮೇಲೆ ಮಗ್ಗುಲು ಬದಲಿಸುವುದೂ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಖಾಲಿ ಚೀಲಗಳ ರಾಶಿಗೆ ಒರಗಿ ಕೂತೇ ಇರುತ್ತಿದ್ದಳು. ಜರಡಿಯಕ್ಕ ಅವಳ ಬೆನ್ನು ನೀವುತ್ತ ಒಂದೇ ಯೋಚನೆಯನ್ನು ಅರೆಯುತ್ತಿದ್ದಳು: ಕೊಟ್ಟೆನೋ, ಕಿತ್ತೆನೋ?

ಒಂದು ದಿನ ಕೂಲಿ ಬಿಟ್ಟು ಡಾಕ್ಟರ ಆಸ್ಪತ್ರೆ ಹುಡುಕಿಕೊಂಡು ಹೋದಳು. ನುಣುಪು ನೆಲ, ಸದ್ದೇ ಇಲ್ಲದ ಜಾಗ. ಅವಳು ನಡೆದಲ್ಲೆಲ್ಲ ಬಿಳಿ ಹೆಜ್ಜೆ ಮೂಡಿತು. ಒರೆಸುವವಳು ಹಿಂದೆಯೇ ಬಂದು ಗೊಣಗುತ್ತ ಒರೆಸಿದಳು. ಮಧ್ಯಾಹ್ನ ಡಾಕ್ಟರು ಹೊರಗೆ ಬಂದಾಗ ಎದ್ದು ಅಡ್ಡ ನಿಂತಳು.

"ನಾಲ್ಕು ಮಾತ್ರೆ ಕೊಡಿ ಡಾಕ್ಟ್ರೇ. ಹಂಚಲ್ಲ. ನಿಮ್ಮಾಣೆ, ಅವಳೊಬ್ಬಳಿಗೇ."

"ನನ್ನ ಹತ್ರ ಇಲ್ಲಮ್ಮ. ಎಣಿಸಿ ವಾಪಸ್ ಕಳಿಸಿಬಿಟ್ವಿ. ಅಂಗಡಿಯಲ್ಲೂ ಸಿಗಲ್ಲ, ಇನ್ನೂ ಮಾರೋಕೆ ಬಂದಿಲ್ಲ."

"ಮಾರೋಕೆ ಬಂದಾಗ ನಮಗೆ ಕೊಡ್ತೀರಾ?"

ಡಾಕ್ಟರು ನೆಲ ನೋಡಿದರು. "ಅದು ಮಾತ್ರೆ ಮಾಡೋ ಕಂಪನಿಯವರ ಕೈಲಿದೆ."

"ಹೋಗ್ಲಿ. ಅವಳ ಬಾಟ್ಲೀಲಿ ಯಾವುದಿತ್ತು, ಅಷ್ಟು ಹೇಳಿ."

"ಎಲ್ಲಾ ಊರಲ್ಲೂ ಪರೀಕ್ಷೆ ಮುಗಿಯೋವರೆಗೆ ನನಗೂ ಹೇಳಲ್ಲ. ನಿಜವಾಗ್ಲೂ. ಮುಗಿದ ಮೇಲೆ ನಾನೇ ಬಂದು ಹೇಳ್ತೀನಿ, ಆಯ್ತಾ?" ಅವರ ದನಿಯಲ್ಲಿ ಮರುಕವಿತ್ತು. ಮರುಕವನ್ನು ಕಟ್ಟಿಕೊಂಡು ಜರಡಿಯಕ್ಕ ಮನೆಗೆ ಬಂದಳು.

ಪುಟ್ಟಿ ಹೋದದ್ದು ಒಂದು ಮಧ್ಯಾಹ್ನ, ಅಕ್ಕ ಊಟಕ್ಕೆ ಬರುವ ಹೊತ್ತಿಗೆ ಸರಿಯಾಗಿ. ಕೊನೆಗೆ ಅವಳು ತುಟಿ ದುಂಡಗೆ ಮಾಡಿ ಫೂ ಫೂ ಎನ್ನುತ್ತಿದ್ದಳು. ಕೊಳವೆ ಊದುವುದನ್ನು ಅಣಕಿಸುತ್ತಿದ್ದಳೋ, ಉಸಿರಿಗೆ ತಡಕಾಡುತ್ತಿದ್ದಳೋ, ಜರಡಿಯಕ್ಕನಿಗೆ ಅದೂ ತಿಳಿಯಲಿಲ್ಲ.

ಮಣ್ಣು ಮಾಡಿ ಎಷ್ಟೋ ತಿಂಗಳಾದ ಮೇಲೆ ಡಾಕ್ಟರು ಮತ್ತೆ ಬಂದರು. ಜೊತೆಯಲ್ಲಿ ಪರೀಕ್ಷೆ ನಡೆಸುವ ಮೇಲಿನವರು ಕಳಿಸಿದ ಒಬ್ಬರು ಮೇಡಂ. ಎಲ್ಲರೂ ಕಡೆಯದಾಗಿ ಒಮ್ಮೆ ಊದಬೇಕಂತೆ. ಮತ್ತೊಂದು ಕಾಗದಕ್ಕೆ ಬೆರಳೂ ಒತ್ತಬೇಕಂತೆ: ನಮಗೆ ಎಲ್ಲ ಸರಿಯಾಗಿ ತಿಳಿಸಿದ್ದರು, ತಿಳಿದೂ ನಾವೇ ತಪ್ಪಿ ನಡೆದೆವು ಎಂದು. ಆಫೀಸು ಕೋಣೆಯಲ್ಲಿ ಸಾವ್ಕಾರರ ನೆಂಟರು ಕೂತಿದ್ದರಿಂದ ಯಂತ್ರವನ್ನು ಜರಡಿ ಚಪ್ಪರಕ್ಕೇ ತಂದಿದ್ದರು.

ಮೇಡಂ ನಂಬರು ಕೂಗಿದರು. ಒಂದು ನಂಬರಿಗೆ ಯಾರೂ ಏಳಲಿಲ್ಲ. ಮೇಸ್ತ್ರಿ ಅವರ ಕಿವಿಯ ಬಳಿ ಬಾಗಿ, "ಅದು ಸತ್ತೋಯ್ತು ಮೇಡಂ," ಎಂದು ಕಿರುಚಿದ. ಮೇಡಂ ಆ ಸಾಲಿನ ಮೇಲೆ ಗೆರೆ ಎಳೆದು ಮುಂದಿನ ನಂಬರು ಕೂಗಿದರು. ಆಮೇಲೆ ಎದ್ದು ನಿಂತು ಕಾಗದ ಓದಿದರು. ತುಟಿ ಅಲ್ಲಾಡುವುದು ಎಲ್ಲರಿಗೂ ಚೆನ್ನಾಗಿ ಕಾಣುತ್ತಿತ್ತು. ಮೇಸ್ತ್ರಿ ಹಿಂದೆ ನಿಂತು ಹೌದೆಂದು ತಲೆಯಾಡಿಸಿ ತೋರಿಸಿದ. ಒಂದೆರಡು ತಲೆಗಳು ಅಭ್ಯಾಸಬಲದಿಂದ ಅಲ್ಲಾಡಿದವು.

ಡಾಕ್ಟರು ಜರಡಿಯಕ್ಕನನ್ನು ನೋಡಿದರು. ಮಾತು ಕೊಟ್ಟದ್ದು ಮರೆತಿರಲಿಲ್ಲ, ಅದನ್ನು ಮೆಚ್ಚಬೇಕು. ಹತ್ತಿರ ಬಂದು, ಮುಖದ ಮುಸುಕು ಸ್ವಲ್ಪ ಕೆಳಗೆಳೆದು, ಏನೋ ಹೇಳಿದರು. ಎರಡು ಮಾತೋ ಮೂರು ಮಾತೋ. ಹೇಳಿ, ಕೈ ಮುಗಿದ ಹಾಗೆ ಮಾಡಿ, ಹಗುರಾದವರಂತೆ ತಿರುಗಿದರು.

ಅವಳು ಅವರ ತೋಳು ಹಿಡಿದಳು. "ಏನಂದ್ರಿ?"

ಅವರು ಮತ್ತೆ ಹೇಳಿದರು. ಮೇಡಂ ಗಡಿಯಾರ ತೋರಿಸಿ ಕರೆಯುತ್ತಿದ್ದರು. ಜರಡಿಯಕ್ಕ ಮೇಸ್ತ್ರಿಯ ಕಡೆ ತಿರುಗಿ ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದಳು, "ಒಂದ್ಗಳಿಗೆ ನಿಲ್ಸೋ! ಕೇಳಿಸ್ತಿಲ್ಲ!"

"ನಿಮ್ಮಪ್ಪನ ಗಿರಣೀನಾ? ಬೆರಳೊತ್ತಿ ಊದೇ ಬಂದು!"

ಅವಳು ಊದಲು ಹೋಗಲಿಲ್ಲ. ಕಬ್ಬಿಣದ ಸುತ್ತಿನ ತನ್ನ ಜರಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗಿರಣಿಯ ಕಡೆಗೆ ನಡೆದಳು. ನಡೆಯುವಾಗ ಎರಡು ಸಲ ನಿಂತು ಉಸಿರೆಳೆದುಕೊಂಡಳು. ಅಷ್ಟು ಹೊತ್ತಿದ್ದರೂ ಅವಳು ಏನು ಮಾಡುತ್ತಾಳೆಂದು ಯಾರಿಗೂ ಹೊಳೆಯಲಿಲ್ಲ. ದೊಡ್ಡ ಚಕ್ರದ ಬಳಿ ಹೋಗಿ ಜರಡಿಯನ್ನು ಬೆಲ್ಟಿನ ಬಾಯಿಗೆ ತುರುಕಿದಳು. ಕಬ್ಬಿಣ ಕಿರುಚಿತು. ಬೆಲ್ಟು ಒಮ್ಮೆ ಉಬ್ಬಿ, ಚಕ್ರದಿಂದ ಕಳಚಿ, ಧೂಳಿನಲ್ಲಿ ರಪ್ಪನೆ ಬಿತ್ತು. ಮೇಸ್ತ್ರಿ ಅಮ್ಮ ಅಕ್ಕ ಒಂದೂ ಬಿಡದೆ ಬೈಯುತ್ತ ಓಡಿಹೋಗಿ ತಾನೇ ಸ್ವಿಚ್ಚು ಆರಿಸಿದ.

ಗಿರಣಿ ನಿಂತಿತು. ಆ ಚಪ್ಪರದ ಕೆಳಗೆ ಹಗಲು ಹೊತ್ತಿನಲ್ಲಿ ಅಂಥ ಸದ್ದಿಲ್ಲದ ಗಳಿಗೆಯನ್ನು ಯಾರೂ ಕಂಡಿರಲಿಲ್ಲ. ಮೊದಲು ಕೇಳಿಸಿದ್ದು ಕೆಮ್ಮು. ಸುತ್ತ ನಿಂತಿದ್ದ ಪ್ರತಿಯೊಬ್ಬಳ ಎದೆಯೂ ಸಿಳ್ಳೆ ಹಾಕುತ್ತಿತ್ತು, ಅದು ಈಗ ಮೇಡಂಗೂ ಕೇಳಿಸಿತು.

"ಕೆಲಸದಿಂದ ಹೊರಗೆ ನೀನು! ಇವತ್ತೇ! ಪೊಲೀಸ್ರನ್ನ ಕರೀತೀನಿ!" ಎಂದು ಮೇಸ್ತ್ರಿ ಕುಣಿಯುತ್ತಿದ್ದ. ಜರಡಿಯಕ್ಕನ ಅಂಗೈ ಹರಿದು ರಕ್ತ ತೊಟ್ಟಿಕ್ಕುತ್ತಿತ್ತು. ಅವಳು ಅವನ ಕಡೆ ನೋಡಲಿಲ್ಲ.

"ಈಗ ಹೇಳಿ ಡಾಕ್ಟ್ರೇ," ಎಂದಳು. "ನನ್ನ ತಂಗೀದು ಆಮೇಲೆ. ಅವತ್ತು ಓದಿದ್ರಲ್ಲ, ಅಲ್ಲಿಂದ ಶುರು ಮಾಡಿ. ಮೊದಲ್ನೇ ಹಾಳೆಯಿಂದ."

ಡಾಕ್ಟರು ಮೇಡಂ ಕಡೆ ನೋಡಿದರು. ಮೇಡಂ ತಮ್ಮ ಕೈಯಲ್ಲಿದ್ದ ಕಾಗದ ನೋಡಿದರು. ಹೆಂಗಸರು ಒಬ್ಬೊಬ್ಬರಾಗಿ ಚೀಲ ಬಿಟ್ಟು ಬಂದು ಬಿಳಿ ನೆಲದ ಮೇಲೆ ಕೂತರು. ದೊಡ್ಡವ್ವ ನಡುವೆ ಕೂತು, ಮಡಿಲು ಹರವಿಕೊಂಡು ಕಾದಳು.